ಹಂದಿಸಾರು, ಶಾವಿಗೆ ಮತ್ತು ಪಾಸ್ತಾ

ಹಂದಿಮಾಂಸದೊಂದಿಗೆ ಪಾಸ್ತಾ ಎಂದೊಡನೆ ಅದು ದೊಡ್ಡ ಹೋಟೆಲಿನ ಮಾತೆಂದು ನಿಮಗೆ ಅನ್ನಿಸಬಹುದು. ಆದರೆ ಈ ಊಟಕ್ಕೆ ನಮ್ಮ ನೆಲದಲ್ಲೂ ಹಳೆಯ ನಂಟಿದೆ. ಸ್ವಲ್ಪ ಹಿಂದಕ್ಕೆ ಹೋಗಿ ನೋಡೋಣ.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ (1126–1138) ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ ಅರಮನೆಯ ಊಟದ ವಿವರಗಳಿವೆ. ಹಂದಿಗೆ ಬಿಳಿ ಬಟ್ಟೆ ಹೊದಿಸಿ, ಬಿಸಿನೀರು ಸುರಿದು, ಕೂದಲು ತೆಗೆದು ಬೆಂಕಿಯಲ್ಲಿ ಸುಡುವ ಕ್ರಮವನ್ನು ಅಲ್ಲಿ ಹೇಳಿದೆ. ಅಂದರೆ ಒಂದು ಕಾಲಕ್ಕೆ ಇದು ರಾಜಭೋಜನ!

ಶಾವಿಗೆಯೂ ನಮಗೆ ಹೊಸದಲ್ಲ. ಉತ್ತರ ಕರ್ನಾಟಕದಲ್ಲಿ ಗೋಧಿಯದು, ಹಳೇ ಮೈಸೂರಿನಲ್ಲಿ ಅಕ್ಕಿಯ ಒತ್ತು ಶಾವಿಗೆ, ಕೊಡಗಿನಲ್ಲಿ ನೂಪುಟ್ಟು. ಪಾಸ್ತಾ ಗಟ್ಟಿ ಜಾತಿಯ ಡ್ಯೂರಮ್ ಗೋಧಿಯದು. ಅದರ ಎಳೆಯನ್ನು ಗ್ಲೂಟೆನ್ ಎಂಬ ಪ್ರೋಟೀನು ಹಿಡಿದಿಡುತ್ತದೆ. ಅಕ್ಕಿಯಲ್ಲಿ ಗ್ಲೂಟೆನ್ ಇಲ್ಲ. ಅದಕ್ಕೇ ನಮ್ಮ ಅಜ್ಜಿಯರು ಹಿಟ್ಟನ್ನು ಮೊದಲು ಬೇಯಿಸಿ, ಪಿಷ್ಟ ಅಂಟಾದ ಮೇಲೆ ಒತ್ತುತ್ತಿದ್ದರು.

ಇನ್ನು ನಮ್ಮ ಜೋಗುಪಾಳ್ಯ. 1809ರಲ್ಲಿ ಬ್ರಿಟಿಷರ ದಂಡು ಬೆಂಗಳೂರಿಗೆ ಬಂದು ನೆಲೆಸಿದ ಮೇಲೆ ಹಲಸೂರಿನ ಸುತ್ತ ಹಲವು ಜನಗಳ ಒಲೆಗಳು ಹೊತ್ತಿಕೊಂಡವು. ಆಂಗ್ಲೋ-ಇಂಡಿಯನ್ನರ ವಿಂಡಾಲು, ಪೋರ್ಚುಗೀಸರ ದ್ರಾಕ್ಷಾರಸ-ಬೆಳ್ಳುಳ್ಳಿಯ ಅಡುಗೆಯಿಂದ ಹುಟ್ಟಿದ್ದು. ಎರಡನೆಯ ಮಹಾಯುದ್ಧದಲ್ಲಿ ಉತ್ತರ ಆಫ್ರಿಕದಲ್ಲಿ ಸೆರೆಸಿಕ್ಕ ಇಟಲಿಯ ಸಾವಿರಾರು ಸೈನಿಕರು 1941ರಿಂದ ಬೆಂಗಳೂರಿನ ಶಿಬಿರಗಳಲ್ಲಿದ್ದರು. ಸೆರೆಯಾಳಿನ ಆಹಾರ ಸೆರೆಹಿಡಿದವರ ಹಿಂದಿನ ನೆಲೆಯ ಸೈನಿಕರ ಆಹಾರಕ್ಕೆ ಸಮನಾಗಿರಬೇಕೆಂದು 1929ರ ಜಿನೀವಾ ಒಪ್ಪಂದ ವಿಧಿಸಿತ್ತು. ಶತ್ರುವಿನ ತಟ್ಟೆಗೂ ಮರ್ಯಾದೆಯುಂಟು ಎಂಬುದು ಅದರ ಅರ್ಥ.

ನೆರೆಯವನ ತಟ್ಟೆಗೆ? ನಾನು ಚಿಕ್ಕವನಿದ್ದಾಗ ನಮ್ಮ ಬೀದಿಯ ಸಸ್ಯಾಹಾರಿ ಹುಡುಗನೊಬ್ಬನಿಗೆ ಮೂರ್ಛೆ ಬರತೊಡಗಿತು. ಮಿದುಳಿನಲ್ಲಿ ಲಾಡಿಹುಳುವಿನ ಮರಿಕೋಶವಿದೆ ಎಂದರು ವೈದ್ಯರು. ಬೀದಿಯ ಬೆರಳುಗಳು ಹಂದಿ ಬೇಯಿಸುವ ನಮ್ಮ ಮನೆಯತ್ತ ತಿರುಗಿದವು. ಅಮ್ಮ ಆ ಪಾತ್ರೆಯನ್ನು ಅಟ್ಟಕ್ಕೇರಿಸಿದರು.

ವಿಜ್ಞಾನ ಓದಿದ ಮೇಲೆ ನನಗೆ ತಿಳಿದದ್ದು ಇಷ್ಟು. ಸೋಂಕಿರುವ, ಅರೆಬೆಂದ ಹಂದಿಮಾಂಸ ತಿಂದವರ ಕರುಳಿನಲ್ಲಿ ಲಾಡಿಹುಳು ಬೆಳೆಯುತ್ತದೆ, ನಿಜ. ಆದರೆ ಮಿದುಳಿನ ರೋಗ ಬರುವುದು ಮಾಂಸದಿಂದಲ್ಲ. ಮನುಷ್ಯನ ಮಲದ ಮೂಲಕ ಹೊರಬಿದ್ದ ಹುಳುವಿನ ಮೊಟ್ಟೆಗಳು ಕೊಳಕು ಕೈ, ನೀರು, ಹಸಿ ಸೊಪ್ಪಿನ ಮೂಲಕ ಹೊಟ್ಟೆ ಸೇರಿದಾಗ ಬರುತ್ತದೆ. ಆದ್ದರಿಂದ ಸಸ್ಯಾಹಾರಿಗಳಿಗೂ ಬಂದೀತು. ಹಂದಿಗೂ ಸೋಂಕು ತಗಲುವುದು ನಮ್ಮ ಮಲದಿಂದಲೇ. ಮದ್ದು ಶೌಚಾಲಯ, ಸಾಬೂನು ಮತ್ತು ಚೆನ್ನಾಗಿ ಬೇಯಿಸುವುದು. ನೆರೆಮನೆಯತ್ತ ಬೆರಳು ತೋರಿಸುವುದಲ್ಲ.

ಹಾಗಾದರೆ ಬೇಯಿಸೋಣ. ಕೊಬ್ಬು ಸಹಿತವಾದ 1 ಕಿಲೊ ಭುಜದ ಮಾಂಸವನ್ನು ಉಪ್ಪು, ಅರಿಸಿನ, ಈರುಳ್ಳಿ, ಬೆಳ್ಳುಳ್ಳಿಯೊಂದಿಗೆ ಸಣ್ಣ ಉರಿಯಲ್ಲಿ ಒಂದೂವರೆ ಗಂಟೆ ಬೇಯಿಸಿ. ಮಾಂಸದ ಕೊಲಾಜೆನ್ ಕರಗಿ ಜೆಲಾಟಿನ್ ಆಗಲು ಅಷ್ಟು ಹೊತ್ತು ಬೇಕು. ಕಪ್ಪಗೆ ಹುರಿದು ಪುಡಿ ಮಾಡಿದ ಕೊತ್ತಂಬರಿ, ಜೀರಿಗೆ, ಮೆಣಸು ಸೇರಿಸಿ, ಕೊನೆಗೆ ಎರಡು ಚಮಚ ಕೊಡಗಿನ ಕಾಚಂಪುಳಿ ಹಾಕಿ. 400 ಗ್ರಾಂ ಪಾಸ್ತಾವನ್ನು ಉಪ್ಪುನೀರಿನಲ್ಲಿ ಬೇಯಿಸಿ ಬಸಿದು, ಬಸಿದ ನೀರನ್ನು ಒಂದು ಲೋಟ ಉಳಿಸಿಕೊಳ್ಳಿ. ಅದರ ಪಿಷ್ಟವೂ ಸಾರಿನ ಜೆಲಾಟಿನ್ನೂ ಕೂಡಿ ಎಳೆಎಳೆಗೂ ಸಾರು ಹತ್ತುತ್ತದೆ. ಪಾಸ್ತಾ ಇಲ್ಲವೇ? ಒತ್ತು ಶಾವಿಗೆ ಧಾರಾಳವಾಗಿ ಆಗುತ್ತದೆ.

ಕಳೆದ ಕ್ರಿಸ್‌ಮಸ್‌ಗೆ ನಾನು ಇದನ್ನು ಮಾಡಿದ್ದು ಅಟ್ಟದಿಂದ ಇಳಿಸಿದ ಅದೇ ಪಾತ್ರೆಯಲ್ಲಿ. ಅಮ್ಮ ಎದ್ದುಹೋಗಿ ಬೀದಿಯ ಕಡೆಯ ಕಿಟಕಿ ಮುಚ್ಚಿದರು. ನಾನು ಮತ್ತೆ ತೆರೆದೆ. ಅವರು ಎರಡನೆಯ ಸಲ ಮುಚ್ಚಲಿಲ್ಲ.