ಬೇಡದ ಉಡುಗೊರೆ: ಶಾಸನಗಳ ನಾಡು ಹೇಳುವ ಪಾಠ



ಶಾಲೆಯ ವಾರ್ಷಿಕೋತ್ಸವದಲ್ಲಿ ನಿಮಗೆ ಮೂರನೆಯ ಬಾರಿಯೂ ಸ್ಟೀಲ್ ಲೋಟವೇ ಬಹುಮಾನವಾಗಿ ಬಂದರೆ ಏನು ಮಾಡುವಿರಿ? ಗೃಹಪ್ರವೇಶಕ್ಕೆ ಬಂದ ಐದು ಗಡಿಯಾರಗಳಲ್ಲಿ ನಾಲ್ಕು ಬೀರುವಿನೊಳಗೇ ಉಳಿದಿರುವುದನ್ನೂ ನೀವು ಕಂಡಿರಬಹುದು. ಬೇಡದ ಉಡುಗೊರೆಯನ್ನು ಮೂಲೆಗೆ ಹಾಕಬೇಕೆ, ನಿರಾಕರಿಸಬೇಕೆ, ಇನ್ನೊಬ್ಬರಿಗೆ ಕೊಡಬೇಕೆ? ಶಿಕಾರಿಪುರ, ಸೊರಬ ಸೀಮೆಯ ಇತಿಹಾಸವನ್ನು ಕೇಳೋಣ ಬನ್ನಿ.

ಮೊದಲ ಉತ್ತರ ನಿರಾಕರಣೆಯದು. ಶಿಕಾರಿಪುರ ತಾಲ್ಲೂಕಿನ ಉಡುತಡಿ 12ನೇ ಶತಮಾನದ ಅಕ್ಕಮಹಾದೇವಿಯ ಊರು. ಹರಿಹರ ಕವಿ ತನ್ನ ರಗಳೆಯಲ್ಲಿ ಹೇಳುವಂತೆ, ಅರಸ ಕೌಶಿಕನ ಅರಮನೆಯನ್ನೂ ಐಶ್ವರ್ಯವನ್ನೂ ತೊರೆದು ಆಕೆ ಹೊರಟಳು. ಪಡೆದವರನ್ನು ಕಟ್ಟಿಹಾಕುವ ಕೊಡುಗೆಗೆ ಬೇಡವೆನ್ನುವುದೇ ಸರಿ ಎಂಬುದನ್ನು ಈ ಕಥೆ ತೋರಿಸುತ್ತದೆ.

ಎರಡನೆಯ ಉತ್ತರ ಅದೇ ತಾಲ್ಲೂಕಿನ ಬಳ್ಳಿಗಾವೆಯದು. ಅಲ್ಲಿನ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠಕ್ಕೆ ಅರಸರೂ ಅಧಿಕಾರಿಗಳೂ ದತ್ತಿ ಬಿಟ್ಟರು. ವೈರಾಗ್ಯವನ್ನು ಬೋಧಿಸುವ ಯತಿಗಳಿಗೆ ಇಷ್ಟೊಂದು ಭೂಮಿ ಏಕೆ? ಕಳಚುರಿ ಬಿಜ್ಜಳನ ಕಾಲದ 1162ರ ಶಾಸನವನ್ನು ಓದಿದರೆ ಉತ್ತರ ದೊರೆಯುತ್ತದೆ. ಅಲ್ಲಿ ವೇದ, ವ್ಯಾಕರಣ, ಕಾವ್ಯ, ನಾಟಕಗಳ ಜೊತೆಗೆ ಬೌದ್ಧ ದರ್ಶನವನ್ನೂ ಕಲಿಸುತ್ತಿದ್ದರು. ಬಡವರು, ಕುರುಡರು, ಕುಂಟರು, ಹಾಡುಗಾರರು, ನಾನಾ ಪಂಥದ ಭಿಕ್ಷುಗಳು ಅಲ್ಲಿ ಊಟ ಪಡೆಯುತ್ತಿದ್ದರು. ರೋಗಿಗಳಿಗೆ ಚಿಕಿತ್ಸೆಯೂ ಇತ್ತು. ಯತಿಗಳ ಕೈಗೆ ಬಂದದ್ದು ಅಲ್ಲಿಯೇ ನಿಲ್ಲದೆ ಬೇಕಾದವರ ಕಡೆಗೆ ಹರಿಯಿತು.

ಇಲ್ಲೊಂದು ಸಂದೇಹ ಬರಬಹುದು. ದಾನ ಕೊಡುವುದಕ್ಕಿಂತ ಕೊಟ್ಟ ದಾನವನ್ನು ಕಾಪಾಡುವುದು ಹೆಚ್ಚು ಪುಣ್ಯವೆಂದು ಹಲವು ದಾನಶಾಸನಗಳು ಕೊನೆಯಲ್ಲಿ ಸಾರುತ್ತವೆ. ಹಾಗಾದರೆ ಉಡುಗೊರೆಯನ್ನು ಇನ್ನೊಬ್ಬರಿಗೆ ದಾಟಿಸುವುದು ತಪ್ಪಲ್ಲವೆ? ಯೋಚಿಸಿ ನೋಡಿ. ಮಠದವರು ಗದ್ದೆಯನ್ನು ಉಳಿಸಿಕೊಂಡು ಅದರ ಫಲವನ್ನು ಹಂಚಿದರು. ಅವರು ಕಾಪಾಡಿದ್ದು ದಾನದ ಉದ್ದೇಶವನ್ನು.

ಇನ್ನು ಸೊರಬಕ್ಕೆ ಬನ್ನಿ. ಸೊರಬ, ಸಾಗರಗಳ ಗುಡಿಗಾರರು ಗಂಧದ ಕೆತ್ತನೆಗೆ ಹೆಸರಾದವರು. ಅವರು ಕೆತ್ತಿದ ಪೆಟ್ಟಿಗೆಯೊಂದು ನಿಮಗೆ ಉಡುಗೊರೆಯಾಗಿ ಬಂದು ಧೂಳು ತಿನ್ನುತ್ತಿದ್ದರೆ, ಮೂಲೆಗೆ ಬಿದ್ದದ್ದು ಒಬ್ಬ ಕುಶಲಕರ್ಮಿಯ ಎಷ್ಟೋ ದಿನಗಳ ದುಡಿಮೆ. ಅದನ್ನು ಮೆಚ್ಚಿ ಬಳಸುವವರಿಗೆ ಕೊಟ್ಟರೆ ಕೊಟ್ಟವರಿಗೂ ಕೆತ್ತಿದವರಿಗೂ ಗೌರವ.

ಕೊಡುವವರಿಗೂ ಹೊಣೆಯಿದೆ. ಸರ್ಕಾರಿ ಸಮಾರಂಭಗಳಲ್ಲಿ ಹಾರ, ಶಾಲು, ಹಣ್ಣಿನ ಬುಟ್ಟಿಗಳನ್ನು ಬಿಟ್ಟು ಕನ್ನಡ ಪುಸ್ತಕ ಕೊಡಿರೆಂದು ಕರ್ನಾಟಕ ಸರ್ಕಾರ 2021ರ ಆಗಸ್ಟ್‌ನಲ್ಲಿ ಸೂಚಿಸಿತು. ಒಬ್ಬರು ಓದಿದ ಪುಸ್ತಕ ಊರಿನ ಗ್ರಂಥಾಲಯ ಸೇರಿದರೆ ನೂರು ಜನಕ್ಕೆ ಉಡುಗೊರೆಯಾಗುತ್ತದೆ.

ಆದ್ದರಿಂದ ಬೇಡದ ಉಡುಗೊರೆ ಬಂದಾಗ ಎರಡು ಪ್ರಶ್ನೆ ಕೇಳಿಕೊಳ್ಳಿ: ಇದು ನನ್ನನ್ನು ಕಟ್ಟಿಹಾಕುತ್ತದೆಯೇ? ಇಲ್ಲವಾದರೆ, ಇದು ಯಾರಿಗೆ ಬೇಕಾಗಿದೆ? ಮೊದಲನೆಯದಕ್ಕೆ ಹೌದೆನಿಸಿದರೆ ವಿನಯದಿಂದ ಬೇಡವೆನ್ನಿ. ಎರಡನೆಯದಕ್ಕೆ ಒಂದು ಹೆಸರು ಹೊಳೆದರೆ ತಡಮಾಡಬೇಡಿ, ಅವರ ಮನೆಗೆ ಒಯ್ದು ಕೊಡಿ.