ಶಹಾಬಾದಿನ ಸಿಮೆಂಟು ಮತ್ತು 1936ರ ಒಡಂಬಡಿಕೆ

ಕಾಗಿಣಾ ನದಿಯ ಆಸುಪಾಸಿನ ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಸೀಮೆಯಲ್ಲಿ ಹರಡಿಕೊಂಡಿರುವ ಸುಣ್ಣಕಲ್ಲು ಮೊದಲು ಹೆಸರಾದದ್ದು ಮನೆಯ ನೆಲಕ್ಕೆ ಹಾಸುವ ಫರಸಿಯಾಗಿ. ಅದೇ ಕಲ್ಲನ್ನು ಅರೆದು, ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟು ಸಿಮೆಂಟು ಮಾಡುವ ಕಾರ್ಖಾನೆ ನಿಜಾಮರ ಆಳ್ವಿಕೆಯಲ್ಲಿದ್ದ ಶಹಾಬಾದಿಗೆ ಬಂದದ್ದು 1920ರ ದಶಕದಲ್ಲಿ. ಇದಕ್ಕೆ ಕಲ್ಲಿನಷ್ಟೇ ರೈಲೂ ಅನುಕೂಲವಾಗಿತ್ತು: ಮುಂಬೈ–ಮದ್ರಾಸ್ ಮಾರ್ಗ ಊರನ್ನು ಹಾದುಹೋಗುತ್ತಿತ್ತು, 1874ರಲ್ಲಿ ತೆರೆದ ನಿಜಾಮರ ರೈಲುಮಾರ್ಗ ಪಕ್ಕದ ವಾಡಿಯಲ್ಲಿ ಅದನ್ನು ಕೂಡಿಕೊಳ್ಳುತ್ತಿತ್ತು, ಮತ್ತು ಸಿಂಗರೇಣಿಯ ಕಲ್ಲಿದ್ದಲು ನಿಜಾಮರ ಮಾರ್ಗದ ಮೇಲೆಯೇ ಇತ್ತು.

ಆದರೆ ಆ ಕಾಲ ಸಿಮೆಂಟಿಗೆ ಒಳ್ಳೆಯದಾಗಿರಲಿಲ್ಲ. 1914ರಲ್ಲಿ ಸಾವಿರ ಟನ್ನನ್ನೂ ಮುಟ್ಟದಿದ್ದ ದೇಶದ ಉತ್ಪಾದನೆ 1924ರ ಹೊತ್ತಿಗೆ ಎರಡೂವರೆ ಲಕ್ಷ ಟನ್ ದಾಟಿತ್ತು. ಬೇಡಿಕೆ ಆ ವೇಗದಲ್ಲಿ ಬೆಳೆಯಲಿಲ್ಲ. ಸುಡುವ ಗೂಡನ್ನು ಪದೇ ಪದೇ ಆರಿಸಿ ಹೊತ್ತಿಸುವುದು ನಷ್ಟದ ಕೆಲಸವಾದ್ದರಿಂದ ಪ್ರತಿಯೊಂದು ಕಂಪನಿಯೂ ಮಾಲನ್ನು ಸಿಕ್ಕಿದ ಬೆಲೆಗೆ ಮಾರತೊಡಗಿತು, ಮತ್ತು ಸಿಮೆಂಟು ತೂಕದ ಸರಕಾದ್ದರಿಂದ ದೂರದ ಪೇಟೆಯಲ್ಲಿ ಎದುರಾಳಿಯನ್ನು ಮಣಿಸಹೊರಟವನ ಲಾಭವನ್ನು ರೈಲಿನ ಬಾಡಿಗೆಯೇ ನುಂಗಿತು. ಕೆಲವು ಕಂಪನಿಗಳು ಬಾಗಿಲು ಹಾಕಿದವು. ಆಮದು ಸುಂಕದ ಬಗ್ಗೆ ಸರಕಾರಕ್ಕೆ ಸಲಹೆ ಕೊಡುತ್ತಿದ್ದ ಟ್ಯಾರಿಫ್ ಬೋರ್ಡ್ 1925ರಲ್ಲಿ ವಿಚಾರಣೆ ನಡೆಸಿ, ಬೆಲೆ ಕುಸಿತಕ್ಕೆ ವಿದೇಶಿ ಮಾಲಿಗಿಂತ ದೇಶದೊಳಗಿನ ಪೈಪೋಟಿಯೇ ಹೆಚ್ಚು ಕಾರಣವೆಂದು ಕಂಡುಕೊಂಡಿತು.

ರಾಜಿ ಹಂತಹಂತವಾಗಿ ಬಂತು. ಮೊದಲು ತಯಾರಕರ ಸಂಘ, 1927ರಲ್ಲಿ ಸಿಮೆಂಟಿನ ಬಳಕೆಯನ್ನು ಜನರಿಗೆ ಕಲಿಸಲು ಕಾಂಕ್ರೀಟ್ ಅಸೋಸಿಯೇಷನ್, 1930ರಲ್ಲಿ ಎಲ್ಲರ ಮಾಲನ್ನೂ ಒಂದೇ ಕೈಯಿಂದ ಮಾರುವ ಸಿಮೆಂಟ್ ಮಾರ್ಕೆಟಿಂಗ್ ಕಂಪನಿ ಹುಟ್ಟಿದವು. ಈ ಕೊನೆಯ ವ್ಯವಸ್ಥೆಯಲ್ಲಿ ಒಡೆತನ ಬೇರೆಬೇರೆಯಾಗಿಯೇ ಉಳಿದು, ಪ್ರತಿ ಕಾರ್ಖಾನೆಗೆ ಮಾರಾಟದ ಪಾಲು, ಅಂದರೆ ಕೋಟಾ, ಗೊತ್ತುಮಾಡಲಾಯಿತು. 1936ರಲ್ಲಿ ಟಾಟಾ, ಖಟಾವ್, ಕಿಲ್ಲಿಕ್ ನಿಕ್ಸನ್ ಮತ್ತು ಎಫ್.ಇ. ದಿನ್‌ಶಾ ಬಳಗಗಳ ಹತ್ತು ಕಂಪನಿಗಳು ಅಸೋಸಿಯೇಟೆಡ್ ಸಿಮೆಂಟ್ ಕಂಪನೀಸ್, ಅಂದರೆ ಎಸಿಸಿ, ಎಂಬ ಒಂದೇ ಸಂಸ್ಥೆಯಾದವು. ಅವುಗಳಲ್ಲಿ ಶಹಾಬಾದ್ ಸಿಮೆಂಟ್ ಕಂಪನಿಯೂ ಒಂದು. ವಿಲೀನಕ್ಕಾಗಿ ದುಡಿದ ದಿನ್‌ಶಾ ಅದು ಕೈಗೂಡುವ ಮುನ್ನವೇ ಅದೇ ವರ್ಷ ತೀರಿಕೊಂಡರು. ಬಹುಬೇಗ ದಾಲ್ಮಿಯಾ ಬಳಗ ಹೊಸ ಕಾರ್ಖಾನೆಗಳೊಡನೆ ಕಣಕ್ಕಿಳಿದು ದರಸಮರವನ್ನು ಮತ್ತೆ ಹೊತ್ತಿಸಿತು. 1940ರ ದಶಕದ ಆರಂಭದಲ್ಲಿ ಅದೂ ಜಂಟಿ ಮಾರಾಟದ ಒಪ್ಪಂದದಲ್ಲಿ ಮುಗಿಯಿತು.

ಈ ಒಪ್ಪಂದಗಳು ಉದ್ದಿಮೆಯನ್ನು ಉಳಿಸಿದವೆಂಬುದು ನಿಜ. ಆದರೆ ಅವು ಮುಂಬೈಯಲ್ಲಿ, ಬಂಡವಾಳಗಾರರ ನಡುವೆ ನಡೆದ ಮಾತುಕತೆಗಳು; ಸಿಮೆಂಟು ಕೊಳ್ಳುವವರಿಗಾಗಲಿ, ಖಣಿಯಲ್ಲಿ ಕಲ್ಲು ಒಡೆಯುವವರಿಗಾಗಲಿ ಅಲ್ಲಿ ಜಾಗವಿರಲಿಲ್ಲವೆಂಬುದನ್ನು ಉದ್ದಿಮೆಯ ಚರಿತ್ರೆ ಮರೆಯಬಾರದು. ಅಂದು ಬುದ್ಧಿವಂತಿಕೆಯೆನಿಸಿದ ಬೆಲೆಯ ಹೊಂದಾಣಿಕೆಯನ್ನು ಇಂದಿನ ಕಾನೂನು ಅಪರಾಧವಾಗಿ ನೋಡುತ್ತದೆ: 2012ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಎಸಿಸಿ ಸೇರಿದಂತೆ ಹಲವು ಸಿಮೆಂಟ್ ಕಂಪನಿಗಳಿಗೆ ಒಟ್ಟು 6,000 ಕೋಟಿ ರೂಪಾಯಿಗೂ ಮೀರಿದ ದಂಡ ವಿಧಿಸಿತು, ಕಂಪನಿಗಳು ಅದರ ವಿರುದ್ಧ ಮೇಲ್ಮನವಿಗೆ ಹೋದವು.

ಒಡೆತನದ ಕೂಡಿಕೆ ಮಾತ್ರ ನಿಂತಿಲ್ಲ. 1968ರಲ್ಲಿ ಆರಂಭವಾದ ವಾಡಿಯ ಎಸಿಸಿ ಕಾರ್ಖಾನೆ 2022ರಲ್ಲಿ ಅದಾನಿ ಬಳಗಕ್ಕೆ ಸೇರಿತು. 2025ರಲ್ಲಿ ಚಿತ್ತಾಪುರ ತಾಲ್ಲೂಕಿನ ಓರಿಯೆಂಟ್ ಸಿಮೆಂಟ್ ಕಾರ್ಖಾನೆ ಅದೇ ಬಳಗಕ್ಕೂ, ಸೇಡಂನ ವಾಸವದತ್ತಾ ಸಿಮೆಂಟ್ ಕಾರ್ಖಾನೆ ಮಳಖೇಡದಲ್ಲಿ ಆಗಲೇ ಬೇರೂರಿದ್ದ ಅಲ್ಟ್ರಾಟೆಕ್ ಕಂಪನಿಗೂ ಹೋದವು.