ಶಾಲೆಯ ಉಸ್ತುವಾರಿ, ಮಗುವಿನ ರಕ್ಷಣೆ: ಕರ್ನಾಟಕದ ಸ್ಥಳೀಯ ಸಂಸ್ಥೆಗಳ ಹೊಣೆಗಾರಿಕೆಯ ಚರಿತ್ರೆ

ಪೀಠಿಕೆ

ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಮಗುವಿಗೆ ಏಟು ಬಿದ್ದರೆ, ಹೆಣ್ಣುಮಕ್ಕಳ ಶೌಚಾಲಯಕ್ಕೆ ಬಾಗಿಲಿಲ್ಲದಿದ್ದರೆ, ಏಳನೇ ತರಗತಿಯ ಹುಡುಗಿ ಇದ್ದಕ್ಕಿದ್ದಂತೆ ಶಾಲೆ ಬಿಟ್ಟರೆ ಕೇಳಬೇಕಾದವರು ಯಾರು? ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ), ಗ್ರಾಮ ಪಂಚಾಯಿತಿ, ಕ್ಷೇತ್ರ ಶಿಕ್ಷಣಾಧಿಕಾರಿ, ಮಕ್ಕಳ ಕಲ್ಯಾಣ ಸಮಿತಿ, ಪೊಲೀಸ್ ಠಾಣೆ, ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಎಂದು ಕಾನೂನು ಹಲವರನ್ನು ಹೆಸರಿಸುತ್ತದೆ. ಹೊಣೆ ಇಷ್ಟು ಕೈಗಳಿಗೆ ಹಂಚಿಹೋದದ್ದು ಒಂದೇ ದಿನದಲ್ಲಿ ಅಲ್ಲ. ಅದರ ಹಿಂದೆ ನೂರು ವರ್ಷಕ್ಕೂ ಮಿಕ್ಕಿದ ಆಡಳಿತದ ಚರಿತ್ರೆಯಿದೆ.

ಆ ಚರಿತ್ರೆಯಲ್ಲಿ ಎರಡು ಎಳೆಗಳಿವೆ. ಶಾಲೆಯ ಆಡಳಿತವನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಡುವುದು, ಮತ್ತೆ ಹಿಂದಕ್ಕೆ ಪಡೆಯುವುದು ಒಂದು ಎಳೆ. ಸಂಕಷ್ಟದಲ್ಲಿರುವ ಮಗುವಿನ ರಕ್ಷಣೆಗಾಗಿ ನ್ಯಾಯಾಲಯ, ಇಲಾಖೆ, ಆಯೋಗಗಳನ್ನು ಕಟ್ಟುವುದು ಇನ್ನೊಂದು. ಇವೆರಡೂ ಬಹುಕಾಲ ಒಂದನ್ನೊಂದು ಮುಟ್ಟದೆ ಸಾಗಿದವು. ಶಾಲೆಯನ್ನು ನೋಡುವವರು ಕಟ್ಟಡ, ಹಾಜರಿ, ಅನುದಾನಗಳನ್ನು ನೋಡಿದರು. ಮಗುವನ್ನು ನೋಡುವವರು ಶಾಲೆಯ ಹೊರಗೇ ನಿಂತರು. ಇವೆರಡೂ ಕೂಡಬಲ್ಲ ಸಹಜ ಜಾಗ ಊರಿನ ಚುನಾಯಿತ ಸಭೆ. ಅದನ್ನು ನಾವು ಪೂರ್ತಿಯಾಗಿ ಬಳಸಿಲ್ಲ. ಈ ಮಾತನ್ನು ಸ್ಥಾಪಿಸುವುದು ಪ್ರಸ್ತುತ ಲೇಖನದ ಉದ್ದೇಶ.

ವಸಾಹತು ಕಾಲ: ಕೊಟ್ಟದ್ದು ಮತ್ತು ಮರಳಿ ಪಡೆದದ್ದು

ಸ್ಥಳೀಯ ಸಂಸ್ಥೆಗಳಿಗೂ ಶಾಲೆಗಳಿಗೂ ನಂಟು ಗಟ್ಟಿಗೊಂಡದ್ದು 1882ರಲ್ಲಿ. ಆ ವರ್ಷದ ಮೇ ತಿಂಗಳಲ್ಲಿ ವೈಸರಾಯ್ ಲಾರ್ಡ್ ರಿಪನ್ ಸ್ಥಳೀಯ ಸ್ವಯಮಾಡಳಿತದ ನಿರ್ಣಯವನ್ನು ಹೊರಡಿಸಿದ. ಅದೇ ವರ್ಷ ನೇಮಕವಾದ ಹಂಟರ್ ಆಯೋಗ, ಪ್ರಾಥಮಿಕ ಶಿಕ್ಷಣದ ನಿರ್ವಹಣೆ ಜಿಲ್ಲಾ ಮಂಡಳಿ ಮತ್ತು ಪುರಸಭೆಗಳ ಕೈಯಲ್ಲಿರಬೇಕೆಂದು ಶಿಫಾರಸು ಮಾಡಿತು. 1919ರ ಸುಧಾರಣೆಗಳ ನಂತರ ಶಿಕ್ಷಣ ಪ್ರಾಂತಗಳ ಚುನಾಯಿತ ಸಚಿವರಿಗೆ ಬಂದಾಗ ಈ ವಿಚಾರಕ್ಕೆ ಕಾಯ್ದೆಯ ರೂಪ ದೊರೆಯಿತು. ದಕ್ಷಿಣ ಕನ್ನಡ ಮತ್ತು ಬಳ್ಳಾರಿ ಸೇರಿದ್ದ ಮದರಾಸು ಪ್ರಾಂತದಲ್ಲಿ 1920ರ ಪ್ರಾಥಮಿಕ ಶಿಕ್ಷಣ ಕಾಯ್ದೆ ಜಿಲ್ಲಾ ಶಿಕ್ಷಣ ಮಂಡಳಿಗಳನ್ನು ಸೃಷ್ಟಿಸಿತು. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡಗಳಿದ್ದ ಮುಂಬಯಿ ಪ್ರಾಂತದಲ್ಲಿ 1923ರ ಕಾಯ್ದೆ ಪ್ರಾಥಮಿಕ ಶಾಲೆಗಳ ನಿಯಂತ್ರಣವನ್ನು ಸ್ಥಳೀಯ ಸಂಸ್ಥೆಗಳ ಶಾಲಾ ಮಂಡಳಿಗಳಿಗೆ ವರ್ಗಾಯಿಸಿತು.

ಇದೇ ವರ್ಷಗಳಲ್ಲಿ ಇದೇ ಪ್ರಾಂತಗಳು ಮಕ್ಕಳಿಗಾಗಿ ಬೇರೆಯೇ ಕಾಯ್ದೆಗಳನ್ನೂ ಮಾಡಿದವು. ಮದರಾಸಿನ ಮಕ್ಕಳ ಕಾಯ್ದೆ ಬಂದದ್ದು 1920ರಲ್ಲಿ, ಮುಂಬಯಿಯದು 1924ರಲ್ಲಿ. ದಿಕ್ಕಿಲ್ಲದ ಮಕ್ಕಳು, ಹಿಂಸೆಗೆ ಒಳಗಾದ ಮಕ್ಕಳು, ಅಪರಾಧದ ಆರೋಪ ಹೊತ್ತ ಮಕ್ಕಳು ಈ ಕಾಯ್ದೆಗಳ ವ್ಯಾಪ್ತಿಗೆ ಬಂದರು. ಅವರ ಹೊಣೆಯನ್ನು ವಹಿಸಿದ್ದು ಮ್ಯಾಜಿಸ್ಟ್ರೇಟರಿಗೆ, ಪೊಲೀಸರಿಗೆ, ರಿಮ್ಯಾಂಡ್ ಹೋಮ್‌ಗಳಿಗೆ, ಜಿಲ್ಲಾ ಮಂಡಳಿಗಳಿಗಲ್ಲ. ಓದುವ ಮಗು ಒಂದು ಕಾಯ್ದೆಗೆ, ನೊಂದ ಮಗು ಇನ್ನೊಂದು ಕಾಯ್ದೆಗೆ ಸೇರಿತು. ನೊಂದ ಮಗುವೂ ಶಾಲೆಯ ಬೆಂಚಿನ ಮೇಲೆಯೇ ಕುಳಿತಿರಬಹುದು ಎಂಬ ಯೋಚನೆಗೆ ಆ ವಿಂಗಡಣೆಯಲ್ಲಿ ಎಡೆಯಿರಲಿಲ್ಲ. ಇಂದಿನ ಗೊಂದಲದ ಬೇರು ಇರುವುದು ಇಲ್ಲಿಯೇ.

ಮೈಸೂರು ಸಂಸ್ಥಾನದ ದಾರಿ ತುಸು ಬೇರೆ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಪ್ರಾಥಮಿಕ ಶಿಕ್ಷಣದ ರೆಗ್ಯುಲೇಶನ್ ಜಾರಿಯಾಗಿ ಆಯ್ದ ಪ್ರದೇಶಗಳಲ್ಲಿ ಕಡ್ಡಾಯ ಶಿಕ್ಷಣಕ್ಕೆ ನಾಂದಿಯಾಯಿತು. 1930ರ ರೆಗ್ಯುಲೇಶನ್ ಪ್ರಾಥಮಿಕ ಶಾಲೆಗಳನ್ನು ಸ್ಥಳೀಯ ಶಿಕ್ಷಣ ಪ್ರಾಧಿಕಾರಗಳಿಗೆ ಒಪ್ಪಿಸಿತು. ಹತ್ತೇ ವರ್ಷದಲ್ಲಿ ಈ ವ್ಯವಸ್ಥೆ ಬದಲಾಗಿ, 1941ರ ಕಾಯ್ದೆಯೊಂದಿಗೆ ಶಾಲೆಗಳು ಮತ್ತೆ ಸರ್ಕಾರದ ಕೈಸೇರಿದವು. ಬ್ರಿಟಿಷ್ ಪ್ರಾಂತಗಳಲ್ಲೂ ಗಾಳಿ ಇದೇ ದಿಕ್ಕಿಗೆ ಬೀಸಿತು. ಸ್ಥಳೀಯ ಸಂಸ್ಥೆಗಳಿಗೆ ಅಧಿಕಾರವನ್ನು ತೀರಾ ಅವಸರದಲ್ಲಿ, ಅತಿಯಾಗಿ ಬಿಟ್ಟುಕೊಡಲಾಯಿತೆಂದು ಹಾರ್ಟಾಗ್ ಸಮಿತಿ 1929ರಲ್ಲಿಯೇ ಟೀಕಿಸಿತ್ತು. ಸ್ಥಳೀಯ ರಾಜಕೀಯದಿಂದ ಶಾಲೆ ಕೆಡುತ್ತದೆ ಎಂಬ ಈ ಟೀಕೆ ಮುಂದೆ ಅಧಿಕಾರವನ್ನು ಹಿಂಪಡೆಯಲು ಹೊರಟವರಿಗೆಲ್ಲ ಆಸರೆಯಾಯಿತು.

ಏಕೀಕರಣದ ನಂತರ: ಇಲಾಖೆಯ ಕಾಲ

1956ರಲ್ಲಿ ರಾಜ್ಯ ಒಂದಾದಾಗ ಮದರಾಸು, ಮುಂಬಯಿ, ಹೈದರಾಬಾದು, ಮೈಸೂರು, ಕೊಡಗುಗಳ ಬೇರೆ ಬೇರೆ ಪದ್ಧತಿಗಳನ್ನು ಒಂದೇ ಅಚ್ಚಿಗೆ ತರಬೇಕಾಯಿತು. 1959ರ ಗ್ರಾಮ ಪಂಚಾಯಿತಿ ಮತ್ತು ಸ್ಥಳೀಯ ಮಂಡಳಿಗಳ ಕಾಯ್ದೆ ತಾಲ್ಲೂಕು ಮಂಡಳಿಗಳನ್ನು ತಂದರೂ ಶಿಕ್ಷಕರ ನೇಮಕ, ವರ್ಗಾವಣೆ, ತಪಾಸಣೆಗಳೆಲ್ಲ ಶಿಕ್ಷಣ ಇಲಾಖೆಯಲ್ಲೇ ಉಳಿದವು. 1961ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯ್ದೆ, 1964ರಲ್ಲಿ ರಾಜ್ಯದ ಮಕ್ಕಳ ಕಾಯ್ದೆ ಬಂದವು. ಮತ್ತೆ ಎರಡು ಕಾಯ್ದೆ, ಎರಡು ಇಲಾಖೆ. ಊರಿನವರಿಗೆ ಉಳಿದ ಪಾತ್ರವೆಂದರೆ ಶಾಲೆಗೆ ಜಾಗ, ಮರಮುಟ್ಟು, ವಂತಿಗೆ ಕೊಡುವುದು. ಶಾಲಾ ಬೆಟರ್‌ಮೆಂಟ್ ಕಮಿಟಿಗಳು ಮುಖ್ಯವಾಗಿ ಈ ದಾನದ ಕೆಲಸಕ್ಕೆ ಇದ್ದವು. ಪ್ರಶ್ನೆ ಕೇಳುವ ಅಧಿಕಾರ ಅವುಗಳಿಗೆ ಇರಲಿಲ್ಲ.

1987ರ ತಿರುವು

ಅಂದಿನ ಸಚಿವ ಅಬ್ದುಲ್ ನಜೀರ್ ಸಾಬ್ ಅವರ ಹೆಸರಿನೊಂದಿಗೆ ನೆನಪಾಗುವ 1983ರ ಜಿಲ್ಲಾ ಪರಿಷತ್ ಕಾಯ್ದೆ ಈ ಸ್ಥಿತಿಯನ್ನು ಬುಡದಿಂದ ಅಲುಗಿಸಿತು. 1987ರ ಜನವರಿಯಲ್ಲಿ ಚುನಾವಣೆ ನಡೆದು ಜಿಲ್ಲಾ ಪರಿಷತ್ತುಗಳೂ ಮಂಡಲ ಪಂಚಾಯಿತಿಗಳೂ ಅಸ್ತಿತ್ವಕ್ಕೆ ಬಂದವು. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಸಿಕ್ಕಿತು. ಪ್ರಾಥಮಿಕ ಶಾಲೆ ಮತ್ತು ಅದರ ಶಿಕ್ಷಕರು ಪರಿಷತ್ತಿನ ಆಡಳಿತಕ್ಕೆ ಒಳಪಟ್ಟರು.

ಈ ಪ್ರಯೋಗವನ್ನು ಅಳೆಯಲು ಕೆ.ಎಸ್. ಕೃಷ್ಣಸ್ವಾಮಿ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಸಮಿತಿ 1989ರಲ್ಲಿ ವರದಿ ಕೊಟ್ಟಿತು. ಹಳ್ಳಿ ಶಾಲೆಗಳಲ್ಲಿ ಶಿಕ್ಷಕರ ಹಾಜರಿ ಸುಧಾರಿಸಿದ್ದು ಅದು ಗುರುತಿಸಿದ ಮುಖ್ಯ ಬದಲಾವಣೆಗಳಲ್ಲಿ ಒಂದು. ಕಾರಣ ಸರಳ. ತಪಾಸಣಾಧಿಕಾರಿ ಶಾಲೆಗೆ ಬರುವುದು ಅಪರೂಪಕ್ಕೆ. ಮಂಡಲ ಪಂಚಾಯಿತಿಯ ಸದಸ್ಯನ ಮಗ ಅದೇ ಶಾಲೆಗೆ ದಿನವೂ ಹೋಗುತ್ತಾನೆ. ಸ್ಥಳೀಯ ರಾಜಕೀಯದಿಂದ ಶಾಲೆ ಕೆಡುತ್ತದೆ ಎಂಬ ಹಳೆಯ ವಾದಕ್ಕೆ ಈ ವರದಿ ಸಾಕ್ಷ್ಯಸಹಿತ ಉತ್ತರವಾಗಿತ್ತು. ಆದರೆ ಅಂದಿನ ಉಸ್ತುವಾರಿ ಮೇಷ್ಟ್ರು ಬಂದರೋ ಇಲ್ಲವೋ ಎಂಬಲ್ಲಿಗೆ ನಿಂತಿತು. ಮೇಷ್ಟ್ರು ಬಂದ ಮೇಲೆ ಮಗುವನ್ನು ಹೇಗೆ ನಡೆಸಿಕೊಂಡರು ಎಂಬುದು ಸಭೆಯ ವಿಷಯಸೂಚಿಗೆ ಬರಲಿಲ್ಲ. ಮೊದಲ ಅವಧಿ ಮುಗಿದ ಮೇಲೆ ಚುನಾವಣೆ ನಡೆಯದೆ ಆಡಳಿತಾಧಿಕಾರಿಗಳು ಬಂದರು. ಕಲಿತ ಪಾಠ ಅರ್ಧಕ್ಕೆ ನಿಂತಿತು.

ಪಂಚಾಯಿತಿಯಿಂದ ಎಸ್‌ಡಿಎಂಸಿಗೆ

ಸಂವಿಧಾನದ 73ನೇ ತಿದ್ದುಪಡಿ ಹನ್ನೊಂದನೇ ಅನುಸೂಚಿಯಲ್ಲಿ ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣವನ್ನೂ ಮಹಿಳೆ ಮತ್ತು ಮಕ್ಕಳ ಅಭಿವೃದ್ಧಿಯನ್ನೂ ಪಂಚಾಯಿತಿಗಳ ವಿಷಯಗಳಾಗಿ ಸೇರಿಸಿತು. ಶಾಲೆ ಮತ್ತು ಮಗು ಒಂದೇ ಪಟ್ಟಿಯಲ್ಲಿ ಕಾಣಿಸಿಕೊಂಡದ್ದು ಗಮನಾರ್ಹ. 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆ ಜಿಲ್ಲಾ ಪಂಚಾಯಿತಿಗೆ ಶಿಕ್ಷಣ ಮತ್ತು ಆರೋಗ್ಯ ಸ್ಥಾಯಿ ಸಮಿತಿಯನ್ನು ಕೊಟ್ಟಿತು. ಗ್ರಾಮ ಪಂಚಾಯಿತಿಯಲ್ಲಿ ಸಾಮಾಜಿಕ ನ್ಯಾಯ ಸಮಿತಿಯನ್ನೂ ಸೌಕರ್ಯಗಳ ಸಮಿತಿಯನ್ನೂ ರಚಿಸಿತು. ಪ್ರಾಥಮಿಕ ಶಾಲೆಗೆ ಮಕ್ಕಳ ಪೂರ್ಣ ದಾಖಲಾತಿ ಮತ್ತು ಹಾಜರಿಯನ್ನು ಖಚಿತಪಡಿಸುವುದು ಗ್ರಾಮ ಪಂಚಾಯಿತಿಯ ಪ್ರಕಾರ್ಯಗಳಲ್ಲಿ ಸೇರಿತು.

ರಾಜಾರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ಮೇಲೆ 2001ರ ಏಪ್ರಿಲ್ 28ರಂದು ಹೊರಟ ಸರ್ಕಾರಿ ಆದೇಶ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು, ಅಂದರೆ ಎಸ್‌ಡಿಎಂಸಿಗಳನ್ನು ತಂದಿತು. ಹಳೆಯ ಬೆಟರ್‌ಮೆಂಟ್ ಕಮಿಟಿಗಳು ಹೋದವು. ಪೋಷಕರೇ ತಮ್ಮೊಳಗಿನಿಂದ ಪ್ರತಿನಿಧಿಗಳನ್ನು ಆರಿಸುವ ಪದ್ಧತಿ ಬಂತು. ಕೂಲಿ ಮಾಡುವ ತಾಯಿ ಮುಖ್ಯ ಶಿಕ್ಷಕರ ಎದುರು ಕುರ್ಚಿಯಲ್ಲಿ ಕುಳಿತು ಲೆಕ್ಕ ಕೇಳಬಹುದಾಯಿತು. ಇದು ಕನ್ನಡ ನಾಡಿನ ಶಾಲಾ ಚರಿತ್ರೆಯಲ್ಲಿ ಸಣ್ಣ ಸಂಗತಿಯಲ್ಲ.

ಆದರೆ ಈ ಸಮಿತಿ ಹುಟ್ಟಿದ್ದು ಇಲಾಖೆಯ ಆದೇಶದಿಂದ, ಪಂಚಾಯಿತಿಯ ಕಾಯ್ದೆಯಿಂದಲ್ಲ. ಹೀಗಾಗಿ ಎಸ್‌ಡಿಎಂಸಿ ಯಾರಿಗೆ ಉತ್ತರ ಕೊಡಬೇಕು ಎಂಬ ತಕರಾರು ಎದ್ದಿತು. 2006ರ ಮಾದರಿ ಉಪವಿಧಿಗಳು ಎಸ್‌ಡಿಎಂಸಿಯನ್ನು ಗ್ರಾಮ ಪಂಚಾಯಿತಿಯ ಸೌಕರ್ಯಗಳ ಸಮಿತಿಯ ಉಪಸಮಿತಿಯಾಗಿ ಜೋಡಿಸಲು ಯತ್ನಿಸಿದವು. ಆ ಜೋಡಣೆಯಲ್ಲೂ ಶಾಲೆ ಸೇರಿದ್ದು ರಸ್ತೆ, ನೀರು, ದೀಪಗಳನ್ನು ನೋಡುವ ಸಮಿತಿಗೆ. ಮಹಿಳೆ ಮತ್ತು ಮಕ್ಕಳ ಹಿತ ನೋಡಬೇಕಾದ ಸಾಮಾಜಿಕ ನ್ಯಾಯ ಸಮಿತಿಯ ಬಾಗಿಲಿಗೆ ಅದು ಹೋಗಲಿಲ್ಲ. 1920ರ ವಿಂಗಡಣೆ ಪಂಚಾಯಿತಿ ಕಚೇರಿಯ ಒಳಗೂ ಮುಂದುವರಿಯಿತು.

ಮಕ್ಕಳೇ ಸಭೆಗೆ ಬಂದಾಗ

ಈ ಗೋಡೆಯನ್ನು ಮೊದಲು ದಾಟಿದವರು ಮಕ್ಕಳೇ. ದುಡಿಯುವ ಮಕ್ಕಳ ಸಂಘಟನೆಯಾದ ಭೀಮಸಂಘ ಮತ್ತು ಅದರ ಜೊತೆ ನಿಂತ ‘ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಸಂಸ್ಥೆಯ ಕೆಲಸದಿಂದ 1990ರ ದಶಕದ ನಡುವಿನಲ್ಲಿ ಮಕ್ಕಳ ಪಂಚಾಯಿತಿಗಳು ಹುಟ್ಟಿದವು. ಕುಂದಾಪುರ ತಾಲ್ಲೂಕಿನ ಕೆರಾಡಿಯಂತಹ ಊರುಗಳಲ್ಲಿ ಮಕ್ಕಳು ತಮ್ಮ ಸಮಸ್ಯೆಗಳನ್ನು ತಾವೇ ಸಮೀಕ್ಷೆ ಮಾಡಿ ಹಿರಿಯರ ಮುಂದಿಟ್ಟರು. ಮಳೆಗಾಲದಲ್ಲಿ ಹಳ್ಳ ದಾಟಲು ಕಾಲುಸಂಕ ಬೇಕೆಂಬುದು ಅವರ ಬೇಡಿಕೆಗಳಲ್ಲಿ ಪ್ರಮುಖವಾಗಿತ್ತು. ಹಿರಿಯರ ಲೆಕ್ಕದಲ್ಲಿ ಅದು ಲೋಕೋಪಯೋಗಿ ಕಾಮಗಾರಿ. ಮಕ್ಕಳ ಲೆಕ್ಕದಲ್ಲಿ ಅದು ಶಾಲೆಯ ಹಾಜರಿಯೂ ಹೌದು, ಜೀವದ ರಕ್ಷಣೆಯೂ ಹೌದು. ಆಡಳಿತ ಎಂಟು ದಶಕ ಬೇರೆ ಬೇರೆಯಾಗಿ ನೋಡಿದ್ದನ್ನು ಮಕ್ಕಳು ಒಂದಾಗಿ ಕಂಡರು.

ಈ ಅನುಭವದ ಬಲದಿಂದ ರಾಜ್ಯ ಸರ್ಕಾರ ಎಲ್ಲ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಸಲು ಸೂಚಿಸಿತು. ಅದು ಚೆನ್ನಾಗಿ ನಡೆದ ಕಡೆ ಮುರಿದ ಕಾಂಪೌಂಡು, ಶಾಲೆಯ ಹತ್ತಿರದ ಸಾರಾಯಿ ಮಾರಾಟ, ದಾರಿಯಲ್ಲಿ ಕೀಟಲೆ, ಗೆಳತಿಗೆ ನಿಶ್ಚಯವಾಗಿರುವ ಮದುವೆ ಇಂಥವೆಲ್ಲ ಒಂದೇ ಸಭೆಯಲ್ಲಿ ಬಾಯಿಗೆ ಬರುತ್ತವೆ. ಹೂಗುಚ್ಛ, ಸ್ವಾಗತಗೀತೆ, ಭಾಷಣಗಳಲ್ಲಿ ಮುಗಿದ ಕಡೆ ಮಗು ಬಂದ ಹಾಗೆಯೇ ಮರಳುತ್ತದೆ. ಎರಡರ ನಡುವಿನ ಅಂತರ ಒಂದೇ: ಹಿಂದಿನ ವರ್ಷದ ಪ್ರಶ್ನೆಗೆ ಈ ವರ್ಷ ಪಂಚಾಯಿತಿ ಲಿಖಿತ ಉತ್ತರ ಕೊಟ್ಟಿತೇ ಇಲ್ಲವೇ ಎಂಬುದು.

2009ರ ನಂತರ: ಕಾನೂನಿನಲ್ಲಿ ಕೂಡಿದ ಎಳೆಗಳು

2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಎರಡು ಎಳೆಗಳನ್ನೂ ಸ್ಪಷ್ಟವಾಗಿ ಹೆಣೆಯಿತು. ತನ್ನ ವ್ಯಾಪ್ತಿಯ 14 ವರ್ಷದವರೆಗಿನ ಮಕ್ಕಳ ದಾಖಲೆ ಇಡುವುದು, ಅವರ ಪ್ರವೇಶ, ಹಾಜರಿ, ಕಲಿಕೆಯ ಪೂರ್ಣಗೊಳಿಸುವಿಕೆಯನ್ನು ಗಮನಿಸುವುದು 9ನೇ ಪ್ರಕರಣದಂತೆ ಸ್ಥಳೀಯ ಪ್ರಾಧಿಕಾರದ ಕರ್ತವ್ಯ. 17ನೇ ಪ್ರಕರಣ ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳವನ್ನು ನಿಷೇಧಿಸುತ್ತದೆ. 21ನೇ ಪ್ರಕರಣದ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಮಕ್ಕಳ ಮೇಲಿನ ಕಿರುಕುಳವನ್ನು ಸ್ಥಳೀಯ ಪ್ರಾಧಿಕಾರದ ಗಮನಕ್ಕೆ ತರುವುದನ್ನು ಕೇಂದ್ರದ 2010ರ ನಿಯಮಗಳು ಶಾಲಾ ಸಮಿತಿಯ ಕೆಲಸಗಳಲ್ಲಿ ಹೆಸರಿಸಿ ಹೇಳಿವೆ. 32ನೇ ಪ್ರಕರಣದಂತೆ ಯಾರು ಬೇಕಾದರೂ ಮಗುವಿನ ಹಕ್ಕಿನ ಬಗ್ಗೆ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಬಹುದು. ಅದು ಮೂರು ತಿಂಗಳೊಳಗೆ ತೀರ್ಮಾನಿಸಬೇಕು. ಮೇಲ್ಮನವಿ ರಾಜ್ಯದ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ.

ರಕ್ಷಣೆಯ ಕಡೆಯಿಂದಲೂ ಸೇತುವೆ ಬಂದಿತು. 2009ರ ಸಮಗ್ರ ಮಕ್ಕಳ ರಕ್ಷಣಾ ಯೋಜನೆ ಗ್ರಾಮ ಪಂಚಾಯಿತಿ ಮುಖ್ಯಸ್ಥರ ಅಧ್ಯಕ್ಷತೆಯಲ್ಲಿ, ಇಬ್ಬರು ಮಕ್ಕಳ ಪ್ರತಿನಿಧಿಗಳೊಂದಿಗೆ, ಗ್ರಾಮಮಟ್ಟದ ಮಕ್ಕಳ ರಕ್ಷಣಾ ಸಮಿತಿಯನ್ನು ಕಲ್ಪಿಸಿತು. 2022ರ ಮಿಷನ್ ವಾತ್ಸಲ್ಯ ಮಾರ್ಗಸೂಚಿ ಈ ಆಶಯವನ್ನು ಮುಂದುವರಿಸಿದೆ. 2012ರ ನವೆಂಬರ್ 14ರಂದು ಜಾರಿಯಾದ ಪೋಕ್ಸೊ ಕಾಯ್ದೆ, ಲೈಂಗಿಕ ಅಪರಾಧ ತಿಳಿದವರೆಲ್ಲ ಪೊಲೀಸರಿಗೆ ವರದಿ ಮಾಡುವುದನ್ನು ಕಡ್ಡಾಯಗೊಳಿಸಿತು. ಸಂಸ್ಥೆಯ ಮುಖ್ಯಸ್ಥರು ತಮ್ಮ ಅಧೀನದವರ ಕೃತ್ಯವನ್ನು ಮುಚ್ಚಿಟ್ಟರೆ ಹೆಚ್ಚಿನ ಶಿಕ್ಷೆಯಿದೆ. ಶಾಲೆಗಳಲ್ಲಿ ಪಾಲಿಸಬೇಕಾದ ಕ್ರಮಗಳನ್ನು 2016ರ ರಾಜ್ಯ ಮಕ್ಕಳ ರಕ್ಷಣಾ ನೀತಿ ವಿವರಿಸಿತು. ಶಾಲೆಯಿಂದ ಹೊರಗುಳಿದ ಮಕ್ಕಳ ಬಗ್ಗೆ ಹೈಕೋರ್ಟ್ 2013ರಲ್ಲಿ ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡ ಪ್ರಕರಣದ ನಂತರ, 60 ದಿನಗಳ ಗೈರುಹಾಜರಿಯ ಬದಲು 7 ದಿನಗಳ ಗೈರುಹಾಜರಿಯೇ ಎಚ್ಚರಿಕೆಯ ಗಂಟೆಯಾಯಿತು. ಬಾಲ್ಯವಿವಾಹ, ದುಡಿಮೆ, ಮಾನವ ಕಳ್ಳಸಾಗಣೆಗಳ ಮೊದಲ ಸುಳಿವು ಶಾಲೆಯ ಹಾಜರಿ ಪುಸ್ತಕದಲ್ಲೇ ಸಿಗುವುದರಿಂದ ಈ ಬದಲಾವಣೆಯ ಮಹತ್ವ ದೊಡ್ಡದು.

ಇಲ್ಲಿ ಒಂದು ಎಲ್ಲೆಯನ್ನು ಖಚಿತವಾಗಿ ಗುರುತಿಸಬೇಕು. ಲೈಂಗಿಕ ದೌರ್ಜನ್ಯದ ಪ್ರಕರಣವನ್ನು ಪಂಚಾಯಿತಿ ವಿಚಾರಿಸುವಂತಿಲ್ಲ, ರಾಜಿ ಮಾಡಿಸುವಂತಿಲ್ಲ, ಮಗುವಿನ ಗುರುತನ್ನು ಸಭೆಯಲ್ಲಿ ಎತ್ತುವಂತಿಲ್ಲ. ಅದು ಕಾನೂನುಬಾಹಿರ, ಮಗುವಿಗೆ ಎರಡನೇ ಗಾಯ. ಸ್ಥಳೀಯ ಸಂಸ್ಥೆ ನೋಡಬೇಕಾದದ್ದು ವ್ಯವಸ್ಥೆಯನ್ನು: ಶಾಲೆಯಲ್ಲಿ ರಕ್ಷಣಾ ನೀತಿ ಇದೆಯೇ, ಸಿಬ್ಬಂದಿಗೆ ತರಬೇತಿ ಆಗಿದೆಯೇ, ದೂರು ಪೆಟ್ಟಿಗೆಯನ್ನು ಯಾರು ತೆರೆಯುತ್ತಾರೆ, ಬಂದ ದೂರು ಸಕಾಲದಲ್ಲಿ ಪೊಲೀಸರನ್ನು ಮುಟ್ಟಿತೇ.

ಉಳಿದಿರುವ ಬಿರುಕುಗಳು

ಕಾನೂನಿನಲ್ಲಿ ಕೂಡಿದ್ದು ಆಚರಣೆಯಲ್ಲಿ ಕೂಡದಿರಲು ಮೂರು ಕಾರಣಗಳು ಎದ್ದು ಕಾಣುತ್ತವೆ. ಒಂದು, ಅನುದಾನರಹಿತ ಖಾಸಗಿ ಶಾಲೆಗಳಿಗೆ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಪ್ರಕರಣದ ಸಮಿತಿ ಅನ್ವಯಿಸುವುದಿಲ್ಲ. ಅಲ್ಲಿ ಓದುವ ಮಗುವಿನ ಪೋಷಕರಿಗೆ ಕಾಯ್ದೆಯ ಬಲವುಳ್ಳ ಆ ವೇದಿಕೆ ಇಲ್ಲ. ಎರಡು, ನಗರಗಳ ಸ್ಥಿತಿ. ಶಿಕ್ಷಣದ ವಿಷಯದಲ್ಲಿ ಸಂವಿಧಾನದ ಹನ್ನೆರಡನೇ ಅನುಸೂಚಿ ನಗರಸಭೆಗಳಿಗೆ ಕೊಟ್ಟದ್ದು ಸಾಂಸ್ಕೃತಿಕ ಮತ್ತು ಶೈಕ್ಷಣಿಕ ಅಂಶಗಳ ಉತ್ತೇಜನವನ್ನು ಮಾತ್ರ. ಪ್ರಾಥಮಿಕ, ಪ್ರೌಢಶಾಲೆಗಳನ್ನು ಹೆಸರಿಸಿ ಕೊಟ್ಟಿಲ್ಲ. ಹಳ್ಳಿಯ ಸದಸ್ಯೆಗೆ ಇರುವಷ್ಟು ಕಾನೂನಿನ ಆಧಾರ ನಗರದ ಸದಸ್ಯೆಗೆ ಇಲ್ಲ. ಮೂರು, ಚುನಾವಣೆಯೇ ಇಲ್ಲದ ಕಾಲ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಬೆಂಗಳೂರಿನ ಪಾಲಿಕೆಗೆ 2020ರ ಸೆಪ್ಟೆಂಬರಿನ ನಂತರ ಚುನಾಯಿತ ಕೌನ್ಸಿಲ್ ಇರಲಿಲ್ಲ. ಚುನಾಯಿತ ಸದಸ್ಯರಿಲ್ಲದಿದ್ದರೆ ಶಿಕ್ಷಣ ಸ್ಥಾಯಿ ಸಮಿತಿಯೂ ಇಲ್ಲ. ಅಧಿಕಾರಿಯನ್ನು ಅಧಿಕಾರಿಯೇ ಪ್ರಶ್ನಿಸುವ ಏರ್ಪಾಡು ಉಸ್ತುವಾರಿ ಎನಿಸಿಕೊಳ್ಳದು.

ಸಮಾರೋಪ

ಸ್ಥಳೀಯ ಸಂಸ್ಥೆಗಳಿಗೆ ಅಧಿಕಾರ ಕೊಟ್ಟದ್ದರಿಂದ ಶಾಲೆಗಳು ಕೆಟ್ಟವು ಎಂಬ ಅಭಿಪ್ರಾಯವನ್ನು ಕರ್ನಾಟಕದ 1987ರ ಅನುಭವ ಸಮರ್ಥಿಸುವುದಿಲ್ಲ. ಕೊಟ್ಟದ್ದನ್ನು ನೆಲೆಯೂರುವ ಮೊದಲೇ ಹಿಂಪಡೆದದ್ದು, ಶಾಲೆಯನ್ನೂ ಮಗುವನ್ನೂ ಬೇರೆ ಬೇರೆ ಸಮಿತಿಗಳಿಗೆ ಹಂಚಿದ್ದು ಮುಖ್ಯ ದೋಷ. ಇದಕ್ಕೆ ಪರಿಹಾರವಾಗಿ ಇನ್ನೊಂದು ಹೊಸ ಸಮಿತಿ ಬೇಕಿಲ್ಲ. ಎಸ್‌ಡಿಎಂಸಿಯ ವರದಿ, ಮಕ್ಕಳ ರಕ್ಷಣಾ ಸಮಿತಿಯ ವರದಿ, ಮಕ್ಕಳ ಗ್ರಾಮಸಭೆಯ ನಡಾವಳಿ ಮೂರನ್ನೂ ಗ್ರಾಮ ಪಂಚಾಯಿತಿಯ ಸಾಮಾಜಿಕ ನ್ಯಾಯ ಸಮಿತಿ ವರ್ಷಕ್ಕೆ ಎರಡು ಬಾರಿಯಾದರೂ ಒಟ್ಟಿಗೆ ಓದಿ ಲಿಖಿತ ಉತ್ತರ ಕೊಡಲಿ. ಖಾಸಗಿ ಶಾಲೆಗಳನ್ನೂ ಈ ಪರಿಶೀಲನೆಗೆ ಒಳಪಡಿಸಲು ರಾಜ್ಯ ಕಾಯ್ದೆ ತಿದ್ದಲಿ. ನಗರಸಭೆಗಳಿಗೂ ಸಮಾನ ಅಧಿಕಾರ ಕೊಡಲಿ. ಎಲ್ಲಕ್ಕಿಂತ ಮೊದಲು, ಸ್ಥಳೀಯ ಸಂಸ್ಥೆಗಳ ಚುನಾವಣೆಗಳನ್ನು ಕಾಲಕಾಲಕ್ಕೆ ನಡೆಸಲಿ. ಊರಿನ ಮಕ್ಕಳಿಗೆ ಉತ್ತರ ಹೇಳಬೇಕಾದವರು ಊರಿನಿಂದ ಆರಿಸಿ ಬಂದವರೇ ಆಗಿರಬೇಕು.